ಪರದೇಶದ ಏರ್‌ಪೋರ್ಟಿನಲ್ಲಿ ನಮ್ಮ ಮಂದಿ

ಕಾರ್ಖಾನೆಯ ಹಂಗಾಮು ಮುಗಿದು ಕಬ್ಬಿನ ಬಿಲ್ಲು ಖಾತೆಗೆ ಬಿದ್ದಿತೆಂದರೆ ನಮ್ಮ ಉಗಾರ ಖುರ್ದದಲ್ಲಿ ಮಾತಿಗೆ ಬಿಡುವು ಸಿಗುತ್ತದೆ. ಯಾರ ಮನೆಯ ಮದುವೆ, ಯಾರ ಹೊಲದಲ್ಲಿ ಹೊಸ ಬೋರು, ಕೃಷ್ಣೆಯಲ್ಲಿ ಈ ಸಲ ನೀರು ಎಲ್ಲಿಯತನಕ ನಿಂತೀತು, ಇವೆಲ್ಲ ಹಿಂದಿನಿಂದ ನಡೆದುಬಂದ ಸುದ್ದಿಗಳು. ಈಚೆಗೆ ಇನ್ನೊಂದು ಸೇರಿಕೊಂಡಿದೆ. ಯಾರು ಯಾವ ದೇಶಕ್ಕೆ ಹೊರಟರು ಎಂಬುದು. ದುಬೈ, ಸಿಂಗಾಪುರ, ಥಾಯ್ಲೆಂಡ್, ವಿಯೆಟ್ನಾಂ ಹೆಸರುಗಳು ಈಗ ನಮ್ಮ ಓಣಿಯಲ್ಲಿ ಪಂಢರಪುರ, ಶ್ರವಣಬೆಳಗೊಳದಷ್ಟೇ ಸಲೀಸಾಗಿ ಬಾಯಲ್ಲಿ ಓಡಾಡುತ್ತವೆ. ಸಾಂಗ್ಲಿ, ಕೊಲ್ಲಾಪುರ, ಬೆಳಗಾವಿಯ ಟೂರ್ ಕಂಪನಿಗಳ ಪಾಂಪ್ಲೆಟ್ಟುಗಳು ಮುಂಜಾನೆಯ ಪೇಪರಿನ ಹೊಟ್ಟೆಯಲ್ಲಿ ಬರುತ್ತವೆ. ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೋ ಹುಬ್ಬಳ್ಳಿಗೋ ಓಡುವ ಕಾಲ ಹೋಯಿತು. ಬೆಳಗಾವಿಯ ಅಂಚೆ ಕಚೇರಿಯಲ್ಲೇ ಕೆಲಸ ಆಗುತ್ತದೆ.

ಬೇಲಿಯಾಚೆಯ ಕಾಕು ಮತ್ತು ಕಾಕಾ ಈ ಸಲ ಹೊರಟಿದ್ದಾರೆ. ಪುಣೆಯಲ್ಲಿರುವ ಮಗ ಹಣ ಕಟ್ಟಿದ್ದಾನೆ. ತೊಂಡೆಬಳ್ಳಿಯಿಂದ ಕಾಯಿ ಬಿಡಿಸುತ್ತಲೇ ಕಾಕು ಕೇಳಿದರು: "ಮಾಸ್ತರ, ನೀವು ಹೊರಗ ಹೋಗಿ ಬಂದವ್ರು. ಖರೇ ಹೇಳ್ರಿ. ಅಲ್ಲಿ ಏರ್‌ಪೋರ್ಟಿನ್ಯಾಗ ನಮ್ಮಂಥೋರನ್ನ ಹೆಂಗ ನೋಡ್ತಾರ? ನಂಗ ಇಂಗ್ಲೀಷ ಬರೂದಿಲ್ಲ. ಕಂಪನೀದವರು ಇಡೀ ವಿಮಾನಾನ ಬಾಡಗಿ ಹಿಡದಾರಂತ. ಅದರಾಗ ಏನರ ಆತಂದ್ರ ಯಾರನ್ನ ಕೇಳೂದು?"

ಈ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳುವ ಹಾಗಿಲ್ಲ. ವರ್ಷಗಟ್ಟಲೆ ಕೂಡಿಟ್ಟ ರೊಕ್ಕ, ಅರವತ್ತು ದಾಟಿದ ದೇಹ, ತಿಳಿಯದ ಭಾಷೆ, ಕೈಯಲ್ಲೊಂದು ನೀಲಿ ಪುಸ್ತಕ, ಇಷ್ಟನ್ನೇ ನಂಬಿ ಹೊರಡುವವರ ಪ್ರಶ್ನೆ ಇದು. ಅಂದು ಬೇಲಿಗೆ ಕೈಯೂರಿ ನಿಂತು ಕಾಕುಗೆ ಹೇಳಿದ್ದನ್ನೂ, ಆಮೇಲೆ ನೆನಪಾದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಬಾಡಿಗೆ ವಿಮಾನದ ವಿಷಯ. ಎಲ್ಲರೂ ಚಾರ್ಟರ್ ಅನ್ನುತ್ತಾರೆ. ನಿತ್ಯದ ವಿಮಾನಕ್ಕೆ ವೇಳಾಪಟ್ಟಿ ಇರುತ್ತದೆ; ಒಂದು ತಪ್ಪಿದರೆ ಸಂಜೆಗೋ ಮರುದಿನಕ್ಕೋ ಇನ್ನೊಂದು ಬರುತ್ತದೆ. ಚಾರ್ಟರ್ ಹಾಗಲ್ಲ. ಪ್ರವಾಸ ಕಂಪನಿ ಇಡೀ ವಿಮಾನವನ್ನು ಗೊತ್ತು ಮಾಡಿ, ಸೀಟನ್ನು ಹೋಟೆಲು, ಊಟ, ಬಸ್ಸಿನ ಜೊತೆ ಕಟ್ಟಿ ಮಾರುತ್ತದೆ. ವ್ಲಾದಿಮಿರ್ ರೈಟ್ಜ್ ಎಂಬುವರು ತಮ್ಮ ಹೊರೈಜನ್ ಹಾಲಿಡೇಸ್ ಕಂಪನಿಯಿಂದ 1950ರ ಮೇ ತಿಂಗಳಲ್ಲಿ ಲಂಡನ್ ಪಕ್ಕದ ಗ್ಯಾಟ್ವಿಕ್‌ನಿಂದ ಕಾರ್ಸಿಕಾ ದ್ವೀಪಕ್ಕೆ ಹೀಗೆ ಮಂದಿಯನ್ನು ಕರೆದೊಯ್ದರು. ವಿಮಾನ, ವಸತಿ, ಊಟ ಎಲ್ಲ ಸೇರಿ 32 ಪೌಂಡ್ 10 ಶಿಲಿಂಗ್. ಅಲ್ಲಿಯತನಕ ಸಿರಿವಂತರಿಗಷ್ಟೇ ಇದ್ದ ವಿಮಾನ ಪ್ರವಾಸ ಗುಮಾಸ್ತರಿಗೂ ಮಾಸ್ತರರಿಗೂ ಎಟುಕಿದ್ದು ಅಲ್ಲಿಂದ. ಆ ಲಾಭ ದೊಡ್ಡದು, ಅದನ್ನು ಮರೆಯಬಾರದು. ಆದರೆ ಅಗ್ಗವಾದದ್ದರ ಜೊತೆಗೆ ಒಂದು ತೊಡಕೂ ಬಂತು. ವಿಮಾನ ಒಬ್ಬರದು, ಅದನ್ನು ಗೊತ್ತು ಮಾಡಿದವರು ಇನ್ನೊಬ್ಬರು, ನಮ್ಮ ಹತ್ತಿರ ಹಣ ಪಡೆದವರು ಮತ್ತೊಬ್ಬರು, ಕೌಂಟರಿನಲ್ಲಿ ಕುಳಿತವರು ಈ ಮೂವರಲ್ಲಿ ಯಾರೂ ಅಲ್ಲ. ಎಲ್ಲ ಸುಸೂತ್ರವಾಗಿ ನಡೆದಾಗ ಇದು ಕಣ್ಣಿಗೆ ಬೀಳುವುದಿಲ್ಲ. ವಿಮಾನ ಕೆಟ್ಟು ನಿಂತ ರಾತ್ರಿ ಮಾತ್ರ ಗೊತ್ತಾಗುತ್ತದೆ.

ಈ ಚಾರ್ಟರ್ ವಿಮಾನಗಳನ್ನು ಕಣ್ಣಾರೆ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಬೆಳಗಾವಿ ದಾಟಿ ಚೋರ್ಲಾ ಘಾಟ ಇಳಿದರೆ ಗೋವೆ. ರಷ್ಯಾ, ಇಂಗ್ಲೆಂಡ್ ಮುಂತಾದ ದೇಶಗಳಿಂದ ಚಳಿಗಾಲದ ಉದ್ದಕ್ಕೂ ರಜೆಯ ವಿಮಾನಗಳು ಗೋವೆಗೆ ಬಂದಿಳಿಯುತ್ತವೆ. ಮೊದಲು ನೌಕಾಪಡೆಯ ದಾಬೋಲಿಮ್ ನಿಲ್ದಾಣ ಒಂದೇ ಇತ್ತು; 2023ರ ಜನವರಿ 5ರಿಂದ ಮೋಪಾದಲ್ಲೂ ವಿಮಾನಗಳು ಇಳಿಯುತ್ತಿವೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ ಕಡೆಯ ಎಷ್ಟೋ ಮಂದಿ ಗೋವೆಯಲ್ಲಿ ದುಡಿಯುತ್ತಾರೆ. ನಮ್ಮ ಓಣಿಯ ಒಬ್ಬ ಹುಡುಗನೂ ಏರ್‌ಪೋರ್ಟಿನಲ್ಲಿ ಲಗೇಜು, ಚೆಕ್‌-ಇನ್ ನೋಡಿಕೊಳ್ಳುವ ಗುತ್ತಿಗೆ ಕಂಪನಿಯಲ್ಲಿದ್ದಾನೆ. ರಜೆಗೆ ಬಂದಾಗ ಅವನು ಹೇಳಿದ್ದು ನನಗೆ ಬಹಳ ತಿಳಿವಳಿಕೆ ಕೊಟ್ಟಿತು.

"ಮಾಸ್ತರ, ಮಂದಿ ತಿಳ್ಕೊಂಡಿರ್ತಾರ, ಕೌಂಟರಿನ್ಯಾಗ ಕುಂತಾಂವ ಏರ್‌ಲೈನಿನ ಮಾಲಕ ಅಂತ. ನಾ ಏರ್‌ಲೈನಿನ ಮನಶಾನೂ ಅಲ್ಲ. ನಮ್ಮ ಕಂಪನಿ ಒಂದ ದಿವಸಕ್ಕ ಐದಾರು ಏರ್‌ಲೈನಿನ ಕೆಲಸ ಮಾಡತೈತಿ. ಮುಂಜಾನಿ ಒಂದರ ಟೈ, ಸಂಜಿ ಇನ್ನೊಂದರದು. ವಿಮಾನ ತಡ ಆತಂದ್ರ ಮಂದಿಗೆ ಒಂದ ಕಪ್ಪ ಚಾ ಕೊಡ್ಸಾಕೂ ಮ್ಯಾಲಿನವರ ಹುಕುಂ ಬೇಕು. ಆ ಹುಕುಂ ಬರೂತನಕ ನಾನೂ ಅವರ ಎದುರಿಗಿ ನಿಂತು ಬೈಸ್ಕೊಳ್ಳೂದು. ಹೋಟೆಲ್ ಕೊಡ್ರಿ ಅಂತ ನನ್ನ ಕಾಲರ ಹಿಡದ್ರ ನಾ ಎಲ್ಲಿಂದ ತರ್ಲಿ?"

ಇದನ್ನು ಕೇಳಿದ ಮೇಲೆ ಪರದೇಶದ ಕೌಂಟರಿನ ಬಿಗಿದ ಮುಖಗಳ ಬಗ್ಗೆ ನನ್ನ ಸಿಟ್ಟು ಸ್ವಲ್ಪ ಬೇರೆ ಕಡೆ ತಿರುಗಿತು. ಜಗತ್ತಿನ ಬಹುತೇಕ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಈ ಕೆಲಸ ನಡೆಸುವವರು ಸ್ವಿಸ್‌ಪೋರ್ಟ್, ಡನಾಟಾ, ಮೆನ್ಜೀಸ್ ಥರದ ಗುತ್ತಿಗೆ ಕಂಪನಿಗಳು. ವಾರಕ್ಕೊಮ್ಮೆ ಬರುವ ಚಾರ್ಟರ್ ಕಂಪನಿಗೆ ಅಲ್ಲಿ ಸ್ವಂತ ಆಫೀಸೂ ಇರುವುದಿಲ್ಲ. ಕೌಂಟರಿನ ಹುಡುಗಿ ಒರಟಾಗಿ ಮಾತಾಡಿದ್ದು ತಪ್ಪೇ; ಅದನ್ನು ಯಾರೂ ಸರಿ ಎನ್ನಬಾರದು. ಆದರೆ ನಮಗೆ ಊಟ, ಹಾಸಿಗೆ, ಉತ್ತರ ಕೊಡಬೇಕಾದವರು ಅವಳ ಹಿಂದೆ, ಬಹಳ ಹಿಂದೆ, ಯಾವುದೋ ಊರಿನ ಆಫೀಸಿನಲ್ಲಿ ಫೋನು ಎತ್ತದೆ ಕುಳಿತಿರುತ್ತಾರೆ. ಹಿಡಿಯಬೇಕಾದದ್ದು ಅವರನ್ನು.

ಒಮ್ಮೆ ಪರದೇಶದಲ್ಲಿರುವ ನನ್ನ ಮಗನ ಮನೆಯಿಂದ ತಿರುಗಿ ಬರುವಾಗ ಒಂದು ಕೊಲ್ಲಿ ದೇಶದ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ರಾತ್ರಿ ಹೊತ್ತು. ವಿಮಾನ ತಡ. ನಮ್ಮ ಕಡೆಯವರಂತೆ ಕಾಣುವ ಒಂದು ಗುಂಪು ಗೇಟಿನ ಹತ್ತಿರ ಕುಳಿತಿತ್ತು. ಇಳಿವಯಸ್ಸಿನ ಹೆಣ್ಣುಮಕ್ಕಳು ಸೀರೆಯ ಸೆರಗನ್ನು ತಲೆ ತುಂಬ ಹೊದ್ದು ಏಸಿಯ ಚಳಿಗೆ ನಡುಗುತ್ತಿದ್ದರು. ಮೈಕಿನಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಏನೋ ಕೂಗಿ ಹೇಳಿದರು. ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ. ಗುಂಪಿನ ಒಬ್ಬ ಅಜ್ಜ ಬೋರ್ಡಿಂಗ್ ಪಾಸು ಹಿಡಿದು ಡೆಸ್ಕಿಗೆ ಹೋದರೆ, ಅಲ್ಲಿನ ಸಿಬ್ಬಂದಿ ಮುಖ ಎತ್ತದೆ, ಬೆರಳಿನಿಂದ ಹಿಂದಕ್ಕೆ ಹೋಗಿ ಕೂರು ಎಂದು ತೋರಿಸಿದ. ಅಜ್ಜ ಮರು ಮಾತಾಡದೆ ಬಂದು ಕುಳಿತರು. ಆಗ ನೆಲ ಒರೆಸುವ ಯಂತ್ರ ನಡೆಸುತ್ತಿದ್ದ ಒಬ್ಬಾತ ನಿಂತ. ಕಲಬುರಗಿ ಕಡೆಯವನಂತೆ. "ಯಾವ ಊರಿಗಿ ಹೊಂಟೀರಿ ಅಜ್ಜಾರ? ನಿಮ್ಮ ಗೇಟ ಬದ್ಲಿ ಆಗ್ಯಾದ, ಇಲ್ಲಿ ಕುಂದ್ರಬ್ಯಾಡ್ರಿ, ನಡೀರಿ ತೋರಿಸ್ತೀನಿ" ಅಂದ. ಯಂತ್ರ ಅಲ್ಲೇ ಬಿಟ್ಟು, ಎಲ್ಲರನ್ನೂ ಎಬ್ಬಿಸಿಕೊಂಡು, ಆ ಉದ್ದನೆಯ ಹಾದಿಯ ಕೊನೆತನಕ ನಡೆಸಿಕೊಂಡು ಹೋದ. ಕನ್ನಡದ ನಾಲ್ಕು ಮಾತು ಕೇಳಿದ ಕೂಡಲೇ ಆ ಹೆಣ್ಣುಮಕ್ಕಳ ಮುಖಕ್ಕೆ ಬಂದ ಕಳೆಯನ್ನು ನಾನು ಮರೆಯಲಾರೆ. ದೊಡ್ಡ ಸಂಬಳದವರು ಮಾಡಬೇಕಾದ ಕೆಲಸವನ್ನು ಅಲ್ಲಿ ನೆಲ ಒರೆಸುವವನು ಮಾಡಿದ.

ಕಾಕು ಇದನ್ನು ಕೇಳಿ, "ಅಲ್ಲೂ ದೇವರಂಥ ಮಂದಿ ಅದಾರ ಬಿಡ್ರಿ" ಅಂದರು. ಇದ್ದಾರೆ. ಆದರೆ ದುಡ್ಡು ಕೊಟ್ಟು ಹೋದವರು ದೈವದ ಮೇಲೆ ಭಾರ ಹಾಕಿ ಕೂರಬೇಕಾಗಬಾರದು.

ಇನ್ನು ಪಾಸ್‌ಪೋರ್ಟಿನ ತೂಕ. 2024ರ ಡಿಸೆಂಬರ್ 1ರಂದು ಗಲ್ಫ್ ಏರ್ ವಿಮಾನವೊಂದು ಮ್ಯಾಂಚೆಸ್ಟರಿಗೆ ಹೋಗುತ್ತಿತ್ತು. ಮುಂಬೈಯಿಂದ ಬಹರೈನ್ ಮೂಲಕ ಹೊರಟಿದ್ದ ಸುಮಾರು 60 ಭಾರತೀಯರು ಅದರಲ್ಲಿದ್ದರು. ತಾಂತ್ರಿಕ ತೊಂದರೆಯಿಂದ ಅದನ್ನು ಕುವೈತ್‌ನಲ್ಲಿ ಇಳಿಸಬೇಕಾಯಿತು. ಯುರೋಪು, ಬ್ರಿಟನ್, ಅಮೆರಿಕದ ಪಾಸ್‌ಪೋರ್ಟ್ ಇದ್ದವರನ್ನು ಹೋಟೆಲಿಗೆ ಕಳಿಸಿದರು, ನಮ್ಮನ್ನು ನಿಲ್ದಾಣದಲ್ಲೇ ಬಿಟ್ಟರು, ಕಂಬಳಿ, ಊಟಕ್ಕೂ ಕಾಡಿ ಬೇಡಬೇಕಾಯಿತು ಎಂದು ಭಾರತೀಯ ಪ್ರಯಾಣಿಕರು ದೂರಿದರು. ಕಾರಣ ಕೇಳಿದಾಗ ಬಂದ ಉತ್ತರ: ಆ ದೇಶದವರಿಗೆ ಕುವೈತ್‌ನಲ್ಲಿ ಇಳಿದಾಗಲೇ ವೀಸಾ ಸಿಗುತ್ತದೆ, ಭಾರತೀಯರಿಗೆ ಸಿಗುವುದಿಲ್ಲ, ವೀಸಾ ಇಲ್ಲದೆ ನಿಲ್ದಾಣದ ಹೊಸಿಲು ದಾಟುವಂತಿಲ್ಲ. ಅದೇ ದಿನ ಅಲ್ಲಿ ಕೊಲ್ಲಿ ರಾಷ್ಟ್ರಗಳ ಶೃಂಗಸಭೆ ಬೇರೆ ಇತ್ತು. ಕೊನೆಗೆ ನಮ್ಮ ರಾಯಭಾರ ಕಚೇರಿಯವರು ನಿಲ್ದಾಣಕ್ಕೆ ಬಂದು ಮಾತಾಡಿದ ಮೇಲೆ ಲೌಂಜಿನ ಬಾಗಿಲು ತೆರೆಯಿತು. ಮರುದಿನ ನಸುಕಿಗೆ ವಿಮಾನ ಹೊರಟಿತು.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ವೀಸಾ ನಿಯಮ ಸರ್ಕಾರದ್ದು. ಕೌಂಟರಿನವರು ಅದನ್ನು ಮೀರಲಾರರು. ಆದರೆ ಕಂಬಳಿ, ನೀರು, ಬಿಸಿ ಊಟ, ಮಾಹಿತಿ, ಇವಕ್ಕೆ ಯಾವ ವೀಸಾ ಬೇಕು? ಹಸಿವು ಪಾಸ್‌ಪೋರ್ಟಿನ ಬಣ್ಣ ನೋಡಿ ಬರುವುದಿಲ್ಲ. ನಿಯಮದ ಹೆಸರಿನಲ್ಲಿ ಮರ್ಯಾದೆಯನ್ನೂ ಕತ್ತರಿಸುವುದು ಅನ್ಯಾಯ, ಅದನ್ನು ಅನ್ಯಾಯವೆಂದೇ ಕರೆಯಬೇಕು. 2025ರ ಏಪ್ರಿಲ್‌ನಲ್ಲಿ ಲಂಡನ್ನಿನಿಂದ ಮುಂಬೈಗೆ ಬರುತ್ತಿದ್ದ ವರ್ಜಿನ್ ಅಟ್ಲಾಂಟಿಕ್ ವಿಮಾನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಇಳಿದಾಗಲೂ ಪ್ರಯಾಣಿಕರು 40 ಗಂಟೆಗೂ ಮೇಲೆ ಅಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಹೆಚ್ಚಿನವರು ನಮ್ಮವರೇ.

ಚಾರ್ಟರಿನ ಕಥೆ ಇನ್ನೂ ಗಂಭೀರ. 2023ರ ಡಿಸೆಂಬರಿನಲ್ಲಿ ರುಮೇನಿಯಾದ ಲೆಜೆಂಡ್ ಏರ್‌ಲೈನ್ಸ್‌ನ ಬಾಡಿಗೆ ವಿಮಾನವೊಂದು 303 ಪ್ರಯಾಣಿಕರನ್ನು ಹೊತ್ತು ಯುಎಇಯ ಫುಜೈರಾದಿಂದ ಮಧ್ಯ ಅಮೆರಿಕದ ನಿಕಾರಾಗುವಾಕ್ಕೆ ಹೊರಟಿತ್ತು. ಅವರಲ್ಲಿ ಹೆಚ್ಚಿನವರು ಭಾರತೀಯರು. ಇಂಧನ ತುಂಬಿಸಲು ಫ್ರಾನ್ಸಿನ ವಾತ್ರಿ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದಾಗ ಮಾನವ ಕಳ್ಳಸಾಗಣೆಯ ಅನುಮಾನದಿಂದ ಅಧಿಕಾರಿಗಳು ವಿಮಾನವನ್ನು ತಡೆದರು. ನಾಲ್ಕು ದಿನ ಅವರೆಲ್ಲ ನಿಲ್ದಾಣದ ಸಭಾಂಗಣದಲ್ಲೇ ಕಳೆದರು. ನ್ಯಾಯಾಧೀಶರು ಅಲ್ಲಿಗೇ ಬಂದು ವಿಚಾರಣೆ ನಡೆಸಿದರು. ಮಂಚ, ಸ್ನಾನದ ವ್ಯವಸ್ಥೆಯನ್ನೂ ಅಲ್ಲಿಯೇ ಮಾಡಿದರು. ಡಿಸೆಂಬರ್ 26ರ ನಸುಕಿಗೆ 276 ಮಂದಿ ಮುಂಬೈಗೆ ಮರಳಿದರು. ಅವರಲ್ಲಿ ಎಷ್ಟೋ ಮಂದಿ ಹೊಲ ಮಾರಿ, ಸಾಲ ಮಾಡಿ ಏಜೆಂಟರಿಗೆ ಹಣ ಕೊಟ್ಟವರು. ನಮ್ಮ ಹುಡುಗರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ. ಚಾರ್ಟರ್ ಎಂದ ಮಾತ್ರಕ್ಕೆ ಅದು ಪ್ರವಾಸವಲ್ಲ. ತಿರುಗಿ ಬರುವ ಟಿಕೆಟ್ಟು, ಉಳಿಯುವ ಹೋಟೆಲಿನ ಹೆಸರು ಎರಡೂ ಇಲ್ಲದ ಪ್ರವಾಸಕ್ಕೆ ಕಾಲಿಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಕಾಕುವಿನ ಮುಖ ಬಾಡಿತ್ತು. "ಹಂಗಾರ ಹೋಗೂದ ಬ್ಯಾಡನ್ರಿ?" ಅಂದರು. ಹೋಗಬೇಕು, ಅವಶ್ಯ ಹೋಗಬೇಕು. ಆಗ ನಾನು ಅವರಿಗೆ ಕೈಲಾಸದ ಹಾದಿಯ ಕಥೆ ಹೇಳಿದೆ. ಅದು ನಮ್ಮವರದೇ ಕಥೆ.

2018ರ ಜುಲೈ ಮೊದಲ ವಾರ. ನೇಪಾಳದ ಮೂಲಕ ಕೈಲಾಸ ಮಾನಸ ಸರೋವರಕ್ಕೆ ಹೋಗಿದ್ದ 1500ಕ್ಕೂ ಹೆಚ್ಚು ಭಾರತೀಯರು ಮಳೆ, ಮಂಜಿನಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಕರ್ನಾಟಕದವರೇ ಸುಮಾರು 290 ಮಂದಿ. ಆ ದಾರಿ ಹೇಗಿದೆ ಎಂದರೆ, ನೇಪಾಳಗಂಜ್‌ನಿಂದ ಸಿಮಿಕೋಟ್‌ಗೆ ಸಣ್ಣ ವಿಮಾನ, ಸಿಮಿಕೋಟ್‌ನಿಂದ ಟಿಬೆಟ್ ಗಡಿಯ ಹಿಲ್ಸಾಕ್ಕೆ ಹೆಲಿಕಾಪ್ಟರ್. ಟೂರ್ ಕಂಪನಿಗಳು ಇವನ್ನು ಬಾಡಿಗೆಗೆ ಹಿಡಿದೇ ಯಾತ್ರಿಕರನ್ನು ಸಾಗಿಸುತ್ತವೆ. ಸಿಮಿಕೋಟ್‌ಗೆ ಆಗ ರಸ್ತೆಯೇ ಇರಲಿಲ್ಲ. ಮೋಡ ಮುಚ್ಚಿದರೆ ಬೆಟ್ಟದ ನಡುವಿನ ಆ ಪುಟ್ಟ ನಿಲ್ದಾಣಕ್ಕೆ ಒಂದೂ ವಿಮಾನ ಬರುವುದಿಲ್ಲ. ಸಿಮಿಕೋಟ್‌ನಲ್ಲಿ 525, ಹಿಲ್ಸಾದಲ್ಲಿ 550, ಟಿಬೆಟ್ ಕಡೆಗೆ ಸುಮಾರು 500 ಮಂದಿ. ಇದ್ದ ಕೋಣೆಗಳು ಕಡಿಮೆ, ಆಹಾರ ಕಡಿಮೆ, ಔಷಧ ಕಡಿಮೆ, ಉಸಿರಾಡಲು ಗಾಳಿಯೂ ತೆಳು. ವಯಸ್ಸಾದವರೇ ಹೆಚ್ಚು.

ಆಗ ವಿದೇಶಾಂಗ ಸಚಿವೆಯಾಗಿದ್ದವರು ಸುಷ್ಮಾ ಸ್ವರಾಜ್. ರಾಯಭಾರ ಕಚೇರಿಯ ಮಂದಿಯನ್ನು ನೇಪಾಳಗಂಜ್, ಸಿಮಿಕೋಟ್‌ಗೆ ಕಳಿಸಿದರು. ಟಿಬೆಟ್ ಕಡೆ ಇದ್ದವರನ್ನು ಸದ್ಯಕ್ಕೆ ಅಲ್ಲೇ ಉಳಿಸಿಕೊಳ್ಳಿ, ಅಲ್ಲಿ ಸೌಕರ್ಯ ವಾಸಿ ಎಂದು ಟೂರ್ ಕಂಪನಿಗಳಿಗೆ ಹೇಳಿದರು. ಇನ್ನೊಂದು ಕೆಲಸವನ್ನೂ ಮಾಡಿದರು. ಯಾತ್ರಿಕರಿಗೂ ಅವರ ಮನೆಯವರಿಗೂ ಸಹಾಯವಾಣಿ ತೆರೆದು, ಅದರಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ ಮಾತಾಡುವವರನ್ನು ಕೂರಿಸಿದರು. ಮೋಡ ತೆರವಾದಂತೆ ಸಣ್ಣ ವಿಮಾನಗಳು ಒಂದಾದ ಮೇಲೊಂದು ಹಾರಿ ಅವರನ್ನೆಲ್ಲ ಕೆಳಗೆ ತಂದವು.

ಕನ್ನಡ ಬಲ್ಲವರನ್ನು ಫೋನಿನ ಮುಂದೆ ಕೂರಿಸಿದ ಆ ಒಂದು ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. ಹವಾಮಾನವನ್ನು ಯಾವ ಸಚಿವರೂ ಬದಲಿಸಲಾರರು. ಆದರೆ ಮನೆಯಲ್ಲಿ ಕಾಯುವ ಸೊಸೆಗೆ, "ನಿಮ್ಮ ಅತ್ತೆ ಸಿಮಿಕೋಟ್‌ನಲ್ಲಿದ್ದಾರೆ, ನಾಳೆಯ ಪಟ್ಟಿಯಲ್ಲಿ ಹೆಸರಿದೆ" ಎಂದು ಅವಳ ಭಾಷೆಯಲ್ಲಿ ಹೇಳಿದರೆ ಅರ್ಧ ಸಂಕಟ ಇಳಿಯುತ್ತದೆ. ನಮ್ಮ ಉಗಾರದ ಸ್ಟೇಷನ್ನಿನಲ್ಲಿ ಮಿರಜದ ಗಾಡಿಯಿಂದ ಇಳಿದವರು ಮರಾಠಿಯಲ್ಲಿ ದಾರಿ ಕೇಳಿದರೆ ನಾವು ಮರಾಠಿಯಲ್ಲೇ ಹೇಳುತ್ತೇವೆ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ. ಗಡಿಯಲ್ಲಿ ಬದುಕುವ ನಮಗೆ ಅದು ರೂಢಿ. ಇದೇ ರೂಢಿಯನ್ನು ಕೋಟಿಗಟ್ಟಲೆ ವಹಿವಾಟಿನ ಕಂಪನಿಗಳು ಯಾಕೆ ಪಾಲಿಸಬಾರದು?

ಕಷ್ಟ ಕೇಳುವವರು ಜೊತೆಗಿರುವುದಕ್ಕೆ ಇನ್ನೊಂದು ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಕುಡಚಿಯಿಂದ, ಅಥಣಿಯಿಂದ ಹಿರಿಯರು ಹಜ್ ಯಾತ್ರೆಗೆ ಹೋಗುತ್ತಾರೆ. ಹಜ್ ವಿಮಾನಗಳೂ ಚಾರ್ಟರ್ ವಿಮಾನಗಳೇ. ಹುಟ್ಟಿದಾಗಿನಿಂದ ವಿಮಾನದ ಮೆಟ್ಟಿಲು ಹತ್ತದ ಎಪ್ಪತ್ತರ ಅಜ್ಜಿಯೂ ಹೋಗಿ ಕ್ಷೇಮವಾಗಿ ಬರುತ್ತಾರೆ. ಹೋಗುವ ಮೊದಲು ತರಬೇತಿ ಕೊಡುತ್ತಾರೆ. ಬೆಂಗಳೂರಿನ ಹಜ್ ಭವನದಲ್ಲಿ ಇಳಿಸಿಕೊಂಡು ಅಲ್ಲಿಂದ ಬಸ್ಸಿನಲ್ಲಿ ನಿಲ್ದಾಣಕ್ಕೆ ಕರೆದೊಯ್ಯುತ್ತಾರೆ. ರಾಜ್ಯದಿಂದಲೇ ನೇಮಿಸಿದ ಸೇವಕರು ಯಾತ್ರಿಕರ ಜೊತೆ ಹೋಗಿ ಅಲ್ಲೇ ಉಳಿಯುತ್ತಾರೆ. ಜಿದ್ದಾದಲ್ಲಿ ಹಜ್ ಯಾತ್ರಿಕರಿಗೆಂದೇ ಡೇರೆಯ ಛಾವಣಿಯ ಬೇರೆ ಟರ್ಮಿನಲ್ 1981ರಿಂದ ಇದೆ. ಅಲ್ಲೂ ದೂರುಗಳಿವೆ, ನೂಕುನುಗ್ಗಲಿದೆ. ಆದರೂ ಕೇಳುವವರೊಬ್ಬರು ಇದ್ದಾರೆ ಎಂಬ ಧೈರ್ಯ ಆ ಅಜ್ಜಿಗಿದೆ. 2020ರಲ್ಲಿ ಕೊರೊನಾ ಕಾಲಕ್ಕೆ ಕೊಲ್ಲಿ ದೇಶಗಳ ಕನ್ನಡ ಸಂಘದವರು ತಾವೇ ವಿಮಾನ ಗೊತ್ತು ಮಾಡಿ ಕೆಲಸ ಕಳೆದುಕೊಂಡವರನ್ನೂ ಗರ್ಭಿಣಿಯರನ್ನೂ ಮಂಗಳೂರು, ಬೆಂಗಳೂರಿಗೆ ಕಳಿಸಿದ್ದೂ ಇಂಥದೇ ಕೆಲಸ.

ಪರದೇಶದವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಮ್ಮ ಕೌಂಟರುಗಳಲ್ಲೂ ಹಳ್ಳಿಯವರ ಉಡುಗೆ ನೋಡಿದ ಕೂಡಲೇ ದನಿ ಬದಲಾಗುತ್ತದೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದು ಬರೆದಿರುತ್ತದೆ. ಕೆಲಸಕ್ಕೆಂದು ಕೆಲವು ದೇಶಗಳಿಗೆ ಹೋಗುವಾಗ ಸರ್ಕಾರದ ಅನುಮತಿ ಬೇಕೆಂಬುದು ಅದರ ಅರ್ಥ. 2018ರ ಜನವರಿಯಲ್ಲಿ ಅಂಥವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುವ ಯೋಜನೆ ಹೊರಟಿತ್ತು. ಕಲಿಯದವರನ್ನು ಬಣ್ಣ ಹಚ್ಚಿ ಬೇರೆ ನಿಲ್ಲಿಸುತ್ತೀರಾ ಎಂದು ದೇಶದ ತುಂಬ ವಿರೋಧ ಬಂದು ಆ ತಿಂಗಳು ಮುಗಿಯುವುದರೊಳಗೆ ಸರ್ಕಾರ ಅದನ್ನು ಕೈಬಿಟ್ಟಿತು. ಕೈಬಿಟ್ಟದ್ದು ಒಳ್ಳೆಯದಾಯಿತು. ಪ್ರವಾಸಕ್ಕೆ ಹೋಗುವವರಿಗೆ ಆ ಅನುಮತಿ ಬೇಕಿಲ್ಲ ಎಂಬುದನ್ನು ನಮ್ಮವರು ತಿಳಿದಿರಬೇಕು, ಯಾರಾದರೂ ಹೆದರಿಸಿದರೆ ಹೇಳಬೇಕು.

ಆಮೇಲೆ ಮಾತು ಚೀಲದ ಕಡೆ ತಿರುಗಿತು. ಕಾಕು ಕಟಕ ರೊಟ್ಟಿ, ಶೇಂಗಾ ಚಟ್ನಿ, ಅನಾರಸ ಮಾಡಿಡಲು ಲೆಕ್ಕ ಹಾಕಿದ್ದರು. ರೊಟ್ಟಿ, ಚಟ್ನಿಪುಡಿ ದೊಡ್ಡ ಬ್ಯಾಗಿನಲ್ಲಿ ಹೋಗಲಿ ಎಂದೆ. ಎಣ್ಣೆ ತೇಲುವ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಅದನ್ನು ತಪಾಸಣೆಯಲ್ಲಿ ತೆಗೆಸುತ್ತಾರೆ. ಆದರೆ ಅನಾರಸವನ್ನು ಬಿಟ್ಟೇ ಹೋಗಿ ಎಂದು ಗಟ್ಟಿಯಾಗಿ ಹೇಳಿದೆ. ಅದರ ಮೇಲಿನ ಗಸಗಸೆ ಯುಎಇಯಲ್ಲಿ ನಿಷಿದ್ಧ ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ. ಅದು ಸಿಕ್ಕರೆ ಜೈಲಿನವರೆಗೂ ಹೋದೀತು. ದುಬೈಯಲ್ಲಿ ಬರೀ ವಿಮಾನ ಬದಲಿಸುವವರಿಗೂ ಈ ಎಚ್ಚರಿಕೆ ಬೇಕು. ಕಾಕು ಕೈಲಿದ್ದ ತೊಂಡೆಕಾಯಿ ಬುಟ್ಟಿಗೆ ಹಾಕಿ, "ಹಬ್ಬದ ಅನಾರಸಕ್ಕ ಜೇಲ? ಎವ್ವಾ!" ಅಂದರು.

ನಮ್ಮ ಶೇಡಬಾಳ, ಐನಾಪುರ, ಉಗಾರದ ಜೈನ ಮನೆಗಳವರು ಇನ್ನೊಂದು ನೆನಪಿಡಬೇಕು. ನಿತ್ಯದ ವಿಮಾನಗಳಲ್ಲಿ ಜೈನ ಊಟವೆಂದೇ ಬೇರೆ ಬರೆಸಬಹುದು, ಮುಂಚಿತವಾಗಿ ಹೇಳಬೇಕಷ್ಟೆ. ಚಾರ್ಟರಿನಲ್ಲಿ ಊಟ ತರಿಸುವವರು ಟೂರ್ ಕಂಪನಿಯವರು. ಅವರು ಬರೆಸದಿದ್ದರೆ ಗಗನಸಖಿಗೆ ಸಿಟ್ಟು ಮಾಡಿದರೂ ಊಟ ಬರುವುದಿಲ್ಲ. ಗಡ್ಡೆ ತಿನ್ನದವರು, ಹೊತ್ತು ಮುಳುಗಿದ ಮೇಲೆ ಉಣ್ಣದವರು ಅದನ್ನು ಹಣ ಕಟ್ಟುವ ದಿನವೇ ಬರೆಸಿಕೊಳ್ಳಬೇಕು. ಮೊಣಕಾಲು ನೋವಿದ್ದವರು ಗಾಲಿಕುರ್ಚಿ ಕೇಳಲು ನಾಚಬಾರದು. ಅದಕ್ಕೆ ಹಣವಿಲ್ಲ, ಆದರೆ ಮೊದಲೇ ತಿಳಿಸಬೇಕು. ಮಂಗಳಸೂತ್ರ, ಬಳೆ ತೆಗೆಯಲು ಹೇಳಿದರೆ ಅಥವಾ ಮೈ ಮುಟ್ಟಿ ನೋಡಬೇಕೆಂದರೆ, ಹೆಣ್ಣು ಸಿಬ್ಬಂದಿಯೇ ಬೇಕು, ಮರೆಯ ಕೋಣೆಯಲ್ಲಿ ನೋಡಲಿ ಎಂದು ಕೇಳಬಹುದು. ಹಾಗೆ ಕೇಳುವುದು ಜಗಳವಲ್ಲ.

ಬ್ಯಾಗು ಬರಲಿಲ್ಲವೆಂದರೆ ಅಳುತ್ತ ಹೊರಗೆ ಬರಬೇಡಿ. ಬೆಲ್ಟಿನ ಹತ್ತಿರವೇ ಇರುವ ಲಗೇಜು ಕೌಂಟರಿನಲ್ಲಿ ದೂರು ಬರೆಸಿ, ಅದರ ಪ್ರತಿ ಕೈಯಲ್ಲಿ ಹಿಡಿದು ಬನ್ನಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದವಿದೆ. ಭಾರತ 2009ರಲ್ಲಿ ಅದಕ್ಕೆ ಸೇರಿದೆ. ಬ್ಯಾಗು ಒಡೆದು ಬಂದರೆ 7 ದಿನದೊಳಗೆ, ತಡವಾಗಿ ಸಿಕ್ಕರೆ ಸಿಕ್ಕ ದಿನದಿಂದ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಲಗೇಜಿನ ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ತಲಾ 1,519 ಎಸ್‌ಡಿಆರ್‌ಗೆ ಏರಿದೆ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ನಮ್ಮ ರೂಪಾಯಿಯಲ್ಲಿ ಒಂದೂಮುಕ್ಕಾಲು ಲಕ್ಷದ ಆಸುಪಾಸು. ಐರೋಪ್ಯ ಒಕ್ಕೂಟದ ನಿಲ್ದಾಣದಿಂದ ಹೊರಡುವ ಯಾವ ವಿಮಾನಕ್ಕಾದರೂ, ಚಾರ್ಟರಿಗೂ ಸಹ, ಆ ಒಕ್ಕೂಟದ 2004ರ 261ನೇ ನಿಯಮ ಅನ್ವಯಿಸುತ್ತದೆ. ಬಹಳ ತಡವಾದರೆ ಊಟ, ರಾತ್ರಿಯಾದರೆ ವಸತಿ, ವಿಮಾನ ಕಂಪನಿಯ ತಪ್ಪಿದ್ದರೆ ದೂರಕ್ಕೆ ತಕ್ಕಂತೆ 250ರಿಂದ 600 ಯುರೋ ಪರಿಹಾರ. ಆ ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಊರಿಗೆ ಬಂದ ಮೇಲೆ ಟೂರ್ ಕಂಪನಿಯ ವಿರುದ್ಧ ದೂರು ಕೊಡಲು ಮುಂಬೈಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಬೆಳಗಾವಿಯ ಗ್ರಾಹಕ ಆಯೋಗದಲ್ಲೇ ದೂರು ಹೂಡಬಹುದು. ರಸೀದಿ, ಬೋರ್ಡಿಂಗ್ ಪಾಸು, ಬ್ಯಾಗಿನ ಚೀಟಿ ಹರಿದು ಬಿಸಾಡಬೇಡಿ.

ಒಂದು ವಿಷಯದಲ್ಲಿ ಇಂಗ್ಲೆಂಡಿನವರಿಂದ ನಾವು ಕಲಿಯಬೇಕು. 2019ರ ಸೆಪ್ಟೆಂಬರ್ 23ರಂದು ಥಾಮಸ್ ಕುಕ್ ಎಂಬ ಅವರ ಹಳೆಯ ಪ್ರವಾಸ ಕಂಪನಿ ಒಂದೇ ರಾತ್ರಿಯಲ್ಲಿ ಮುಳುಗಿತು. ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರು ಆಗ ಪರದೇಶಗಳಲ್ಲಿದ್ದರು. ಅಲ್ಲಿನ ವಿಮಾನಯಾನ ಪ್ರಾಧಿಕಾರ ತಾನೇ ವಿಮಾನಗಳನ್ನು ಬಾಡಿಗೆ ಹಿಡಿದು, ಎರಡು ವಾರದಲ್ಲಿ ಅವರನ್ನು ಊರಿಗೆ ತಂದಿತು. ಪ್ಯಾಕೇಜ್ ಕೊಳ್ಳುವ ಪ್ರತಿಯೊಬ್ಬರಿಂದ ಎರಡೂವರೆ ಪೌಂಡ್ ತೆಗೆದಿಟ್ಟು ಬೆಳೆಸಿದ ನಿಧಿಯೊಂದು ಅಲ್ಲಿದೆ. ಕಂಪನಿ ಮುಳುಗಿದರೂ ಪ್ರವಾಸಿಗ ಮುಳುಗುವುದಿಲ್ಲ. ನಮ್ಮ ಸರ್ಕಾರವೂ ಇಂಥ ನಿಧಿಯನ್ನು ಕಡ್ಡಾಯ ಮಾಡಬೇಕು. ಮನಸ್ಸಿದ್ದರೆ ಸರ್ಕಾರಕ್ಕೆ ಅಸಾಧ್ಯವಲ್ಲ. 2025ರ ಏಪ್ರಿಲ್‌ನಲ್ಲಿ ಕಾಶ್ಮೀರದ ಪಹಲ್ಗಾಮ್‌ನಲ್ಲಿ ದಾಳಿಯಾದ ಮರುದಿನವೇ ರಾಜ್ಯದ ಸಚಿವ ಸಂತೋಷ್ ಲಾಡ್ ಶ್ರೀನಗರಕ್ಕೆ ಹೋದರು. ರಾಜ್ಯ ಸರ್ಕಾರ ಗೊತ್ತು ಮಾಡಿದ ವಿಶೇಷ ವಿಮಾನದಲ್ಲಿ ಕನ್ನಡಿಗ ಪ್ರವಾಸಿಗರು ಬೆಂಗಳೂರಿಗೆ ಬಂದಿಳಿದರು. ದುರಂತದ ದಿನ ಮಾಡಿದ್ದನ್ನು ನಿತ್ಯದ ವ್ಯವಸ್ಥೆಯಾಗಿಸುವುದು ಬಾಕಿ ಇದೆ.

ಅಲ್ಲಿಯತನಕ ಕೆಲಸ ನಮ್ಮ ಕೈಯಲ್ಲೇ ಇದೆ. ಹೊರಡುವವರು ಬೆಳಗಾವಿಯಲ್ಲಾಗಲಿ ಸಾಂಗ್ಲಿಯಲ್ಲಾಗಲಿ ಟೂರ್ ಕಂಪನಿಯ ಮೇಜಿನ ಮುಂದೆ ಕುಳಿತಾಗ ಹೋಟೆಲಿನ ನಕ್ಷತ್ರ ಎಣಿಸುವ ಮೊದಲು ಮೂರು ಪ್ರಶ್ನೆ ಕೇಳಿ. ವಿಮಾನ ಯಾರದು? ಅದು ಹಾರದಿದ್ದರೆ ಊಟ, ವಸತಿ, ಬದಲಿ ವಿಮಾನ ಕೊಡುವವರು ಯಾರು? ಅಲ್ಲಿ ನಡುರಾತ್ರಿಯಲ್ಲೂ ಫೋನ್ ಎತ್ತಿ ಕನ್ನಡದಲ್ಲಿ ಮಾತಾಡುವವರ ಹೆಸರು, ನಂಬರು ಏನು? ಈ ಮೂರಕ್ಕೂ ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಬರೆದುಕೊಡದ ಕಂಪನಿಗೆ ಒಂದು ರೂಪಾಯಿಯ ಮುಂಗಡವನ್ನೂ ಕೊಡಬೇಡಿ.